ಹಾರ ಹಾಕಿದರೆ ಸಾಲದು

ಏಳನೇ ಕ್ಲಾಸು ಮುಗಿಸಿದ ನಮ್ಮ ಕೇರಿಯ ಮಕ್ಕಳಿಗೆ ಹಾರ ಹಾಕಿ, ಸಿಹಿ ಕೊಟ್ಟು, ಫೋಟೋ ತೆಗೆಸ್ತಾರೆ. ನಾವೂ ಹಿಗ್ಗಿ ಚಪ್ಪಾಳೆ ತಟ್ಟುತ್ತೇವೆ. ಜೂನ್ ತಿಂಗಳಲ್ಲಿ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಅವರೆಲ್ಲರ ಹೆಸರೂ ಇದೆಯಾ ಅಂತ ನಮ್ಮಲ್ಲಿ ಯಾರು ನೋಡಿದ್ದೇವೆ? ದೊಡ್ಡವಳಾದಳು ಅಂತ ಹುಡುಗಿಯನ್ನು ಮನೆಯಲ್ಲಿ ಕೂರಿಸುವವರು ನಾವೇ. ಇದಕ್ಕೆ ಗೌಡನನ್ನು ಬೈದು ಪ್ರಯೋಜನವಿಲ್ಲ, ಅಣ್ಣಂದಿರೇ.

1907ರಲ್ಲಿ ಬಾಬಾಸಾಹೇಬರು ಮೆಟ್ರಿಕ್ ಪಾಸಾದಾಗ ಬೊಂಬಾಯಿಯಲ್ಲಿ ಸನ್ಮಾನ ಸಭೆ ಸೇರಿತ್ತು. ಕೇಳೂಸ್ಕರ್ ಮೇಷ್ಟ್ರು ಬುದ್ಧನ ಚರಿತ್ರೆ ಕೊಟ್ಟು ಸುಮ್ಮನಾಗಲಿಲ್ಲ. ಮುಂದೆ ಬರೋಡಾ ಮಹಾರಾಜರ ಹತ್ತಿರ ಮಾತಾಡಿ, ಕಾಲೇಜು ಓದಿಗೆ ತಿಂಗಳಿಗೆ 25 ರೂಪಾಯಿ ಕೊಡಿಸಿದರು. ಸನ್ಮಾನ ಅಂದ್ರೆ ಅದು.

ಹಾರದ ದುಡ್ಡನ್ನು ಬಸ್ ಪಾಸಿಗೆ ಹಾಕೋಣ. ಟಿ.ಸಿ. ತಂದು, ಜಾತಿ ಸರ್ಟಿಫಿಕೇಟು ಮಾಡಿಸಿ, ಹಾಸ್ಟೆಲ್ ಅರ್ಜಿ ತುಂಬಿ, ಜೊತೆಗೇ ಹೋಗಿ ಎಂಟನೇ ಕ್ಲಾಸಿನ ಬೆಂಚಿನ ಮೇಲೆ ಕೂರಿಸಿ ಬರೋಣ. ಸಿಹಿ ಅವತ್ತು ಹಂಚೋಣ.