ಕೆರೆಯ ಹುಟ್ಟುವಳಿ ಕೆರೆಗೇ ಸಲ್ಲತಕ್ಕದ್ದು

ಕನ್ನಡ ನಾಡಿನ ಕೆರೆಗಳು ಬೇಸಾಯಕ್ಕಾಗಿಯೂ ಜನ ದನಗಳ ಕುಡಿಯುವ ನೀರಿಗಾಗಿಯೂ ಕಟ್ಟಲ್ಪಟ್ಟವುಗಳೆಂಬುದು ಎಲ್ಲರಿಗೂ ತಿಳಿದ ವಿಷಯವಾಗಿದೆ. ಈಚೆಗೆ ಇವುಗಳಿಗೆ ಮೂರನೆಯದೊಂದು ಉಪಯೋಗವೂ ಒದಗಿದೆ. ರಜಾದಿನಗಳಲ್ಲಿ ಪಟ್ಟಣದ ಜನರು ಸಂಸಾರಸಮೇತರಾಗಿ ದೊಡ್ಡ ಕೆರೆಗಳ ಏರಿಗೆ ಬಂದು, ದೋಣಿಯಲ್ಲಿ ವಿಹರಿಸಿ, ತಂಗಾಳಿಯನ್ನು ಸೇವಿಸಿ, ಬುತ್ತಿಯನ್ನು ಉಂಡು ಹಿಂದಿರುಗುವರು. ಇದರಿಂದ ಸುತ್ತಣ ಗ್ರಾಮಗಳಿಗೆ ನಾಲ್ಕು ಕಾಸು ಬರುವುದಾದರೆ ಸಂತೋಷಪಡತಕ್ಕದ್ದೇ. ಆದರೆ ಹೊಸ ಉಪಯೋಗವು ಹಳೆಯ ಎರಡನ್ನು ಬದಿಗೊತ್ತದಂತೆ ಮುಂಚಿತವಾಗಿಯೇ ಏರ್ಪಾಡು ಮಾಡಿಕೊಳ್ಳದ ಗ್ರಾಮವು, ಕೆಲವು ವರ್ಷಗಳಲ್ಲಿ ಬೇಸಾಯವನ್ನೂ ವಿಹಾರವನ್ನೂ ಒಟ್ಟಿಗೆ ಕಳೆದುಕೊಳ್ಳುವ ಸಂಭವವುಂಟು.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಎರಡು ಗುಡ್ಡಗಳ ನಡುವಣ ಕಣಿವೆಗೆ ಗಿಡ್ಡನೆಯ ಏರಿಯೊಂದನ್ನು ಅಡ್ಡಗಟ್ಟಿ ಪೂರ್ವಿಕರು ಇದನ್ನು ನಿರ್ಮಿಸಿದರು. ಇಲ್ಲಿಂದ ಹೊರಡುವ ಹರಿದ್ರಾ ಹೊಳೆಯು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವುದು. ತುಂಬಿದಾಗ ಕೆರೆಯ ಜಲವಿಸ್ತಾರವು ಸುಮಾರು 6,500 ಎಕರೆ. ಅಚ್ಚುಕಟ್ಟು ಸುಮಾರು 4,700 ಎಕರೆ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ತೂಬುಗಳಿಂದ ನೀರು ಗದ್ದೆ ತೋಟಗಳಿಗೆ ಹರಿಯುವುದಲ್ಲದೆ, ದೂರದ ಚಿತ್ರದುರ್ಗದ ಪಟ್ಟಣಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಇಷ್ಟರ ಮೇಲೆ ವಿಹಾರಾರ್ಥಿಗಳೂ ಬರುವರು. ರೈತ, ಪಟ್ಟಣಿಗ, ಬೆಸ್ತ, ದೋಣಿಯವ, ನೋಡಲು ಬಂದವ ಎಂಬ ಐವರಿಗೂ ನೀರು ಒಂದೇ. ಹೀಗಿರುವಲ್ಲಿ, ಯಾರಿಗೆ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದು ಬರಹದಲ್ಲಿ ನಿಶ್ಚಯವಾಗಿರಬೇಕೇ ಹೊರತು, ಆಯಾ ವರ್ಷದ ಜಗಳಕ್ಕೆ ಬಿಡತಕ್ಕದ್ದಲ್ಲ.

ವಿಹಾರಕ್ಕೂ ಬೇಸಾಯಕ್ಕೂ ಇರುವ ಮುಖ್ಯ ವಿರೋಧವು ನೀರಿನ ಮಟ್ಟದ ವಿಷಯದಲ್ಲಿದೆ. ದೋಣಿಯವನಿಗೂ ನೋಟಕರಿಗೂ ವರ್ಷವೆಲ್ಲಾ ಕೆರೆಯು ತುಂಬಿರಬೇಕು. ರೈತನಿಗಾದರೋ ಕೆರೆಯು ತುಂಬುವುದೇ ಬರಿದಾಗುವುದಕ್ಕಾಗಿ. ಕಾಲಕ್ಕೆ ಸರಿಯಾಗಿ ತೂಬನ್ನು ಎತ್ತದಿದ್ದರೆ ಅವನ ಪೈರು ಒಣಗುವುದು. ಸೂಳೆಕೆರೆಯಂತಹ ಕೆರೆಯಲ್ಲಿ ತುಂಬಿದ ಮಟ್ಟದ ಒಂದೇ ಒಂದು ಅಡಿ ನೀರೆಂದರೆ 6,500 ಎಕರೆ-ಅಡಿಯ ನೀರು. ಒಂದು ಬೆಳೆಯ ಬತ್ತಕ್ಕೆ ಎಕರೆಗೆ ಸುಮಾರು ನಾಲ್ಕು ಅಡಿ ನೀರು ಬೇಕೆಂದು ಹಿಡಿದರೆ, ಕಾಲುವೆಯ ಸೋರಿಕೆಯನ್ನು ಬಿಟ್ಟು, ಆ ಒಂದು ಅಡಿಯಿಂದ 1,600 ಎಕರೆಗಳ ಬೆಳೆಯು ಕೈಸೇರುವುದು. ನೋಟಕ್ಕಾಗಿ ಅದನ್ನು ನಿಲ್ಲಿಸಿಟ್ಟರೂ ಅದು ಪೂರ್ತಿಯಾಗಿ ನಿಲ್ಲುವುದಿಲ್ಲ. ಬಯಲುಸೀಮೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಐದಾರು ಅಡಿಗಳಷ್ಟು ಆವಿಯಾಗಿ ಹೋಗುವುದು. ಇದರಂತೆಯೇ ಕೆರೆಯನ್ನು ತಳದವರೆಗೂ ಬಸಿದುಬಿಡುವುದೂ ತಪ್ಪು. ಹಾಗೆ ಮಾಡಿದರೆ ಮೀನಿನ ಸಂತತಿಯು ನಶಿಸಿ, ಸುತ್ತಣ ಬಾವಿಗಳ ಊಟೆ ಇಳಿದು, ದನಗಳಿಗೆ ಬೇಸಿಗೆಯಲ್ಲಿ ಗುಟುಕು ನೀರಿಲ್ಲದಂತಾಗುವುದು. ಆದಕಾರಣ ತೂಬಿನ ಕಂಬದ ಮೇಲೆ ಎರಡು ಗೆರೆಗಳನ್ನು ಕೊರೆಯಿಸುವುದು ಯೋಗ್ಯ. ಮೇಲಿನ ಗೆರೆಗೆ ನೀರು ಇಳಿದ ಕೂಡಲೇ ಯಂತ್ರದ ದೋಣಿಗಳು ನಿಲ್ಲತಕ್ಕದ್ದು. ಕೆಳಗಿನ ಗೆರೆಗೆ ಇಳಿದರೆ ತೂಬು ಮುಚ್ಚತಕ್ಕದ್ದು. ಉಳಿದ ನೀರು ಜನ ದನಗಳಿಗೂ ಮೀನಿಗೂ ಮೀಸಲು.

ವಿಹಾರಸ್ಥಳವೆಂಬ ಹೆಸರು ಬಂದೊಡನೆ ಕೆರೆಯು ಕ್ಷೇಮವಾಯಿತೆಂದು ಭಾವಿಸುವುದು ಸರಿಯಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯಕ್ಕೆ ನೀರೊದಗಿಸಲೆಂದು ಏರ್ಪಟ್ಟಿತು. ಪಟ್ಟಣವು ಬೆಳೆದು ಹೊಲಗಳು ಮನೆಗಳಾದ ಮೇಲೆ ಅದು ಜನರು ತಿರುಗಾಡುವ, ಹಕ್ಕಿಗಳನ್ನು ನೋಡುವ ಸ್ಥಳವಾಗಿ ಉಳಿಯಿತು. ಆದರೆ ಅದಕ್ಕೆ ನೀರು ತರುತ್ತಿದ್ದ ಪೂರ್ಣಯ್ಯನವರ ಕಾಲುವೆಯು ಒತ್ತುವರಿಗಳಿಂದ ಕಡಿದುಹೋಗಿ, ಚರಂಡಿಯ ನೀರು ಕೆರೆಯನ್ನು ಸೇರುವ ತೊಂದರೆಯು ತಲೆದೋರಿತು. ಬೆಂಗಳೂರಿನಲ್ಲಿ ಇದಕ್ಕಿಂತಲೂ ಕಠಿಣವಾದ ಪಾಠಗಳಿವೆ. ಸಂಪಂಗಿ ಕೆರೆಯ ಅಂಗಳವು ಆಟದ ಬಯಲಾಯಿತು. ಧರ್ಮಾಂಬುಧಿ ಕೆರೆಯ ಅಂಗಳವು ಬಸ್ಸುಗಳ ನಿಲ್ದಾಣವಾಯಿತು. ಬೆಳ್ಳಂದೂರು ಕೆರೆಯಲ್ಲಿ ಕೊಳಚೆಯ ನೊರೆಯೆದ್ದು, 2017ರ ಫೆಬ್ರವರಿಯಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ನೀರಿನಲ್ಲಿ ಬೆಂಕಿ ಕಂಡ ಮೇಲೆ ಏರಿಯ ಮೇಲೆ ಎಷ್ಟು ಹೂವಿನ ಗಿಡಗಳನ್ನು ನೆಟ್ಟರೇನು? ಕೆರೆಯ ಆರೋಗ್ಯವು ಅದರ ದಡದಲ್ಲಿಲ್ಲ. ಅದಕ್ಕೆ ನೀರು ತರುವ ಹಳ್ಳಕೊಳ್ಳಗಳಲ್ಲಿಯೂ ಆ ಹಳ್ಳಗಳ ಮೇಲಣ ಹೊಲಗಳಲ್ಲಿಯೂ ಇದೆ.

ಈ ವಿಷಯದಲ್ಲಿ ಹಿಡುವಳಿದಾರರ ಜವಾಬ್ದಾರಿಯೂ ಕಡಿಮೆಯಾದುದಲ್ಲ. ಇಳಿಜಾರಿನ ಹೊಲಗಳನ್ನು ಮೇಲಿನಿಂದ ಕೆಳಕ್ಕೆ ಉತ್ತರೆ ಮೊದಲ ಮಳೆಗೇ ಮೇಲ್ಮಣ್ಣು ತೊಳೆದು ಕೆರೆಯಂಗಳಕ್ಕೆ ಇಳಿಯುವುದು. ಆ ಮಣ್ಣಿನ ಜೊತೆಯಲ್ಲಿ ಮಿತಿಮೀರಿ ಹಾಕಿದ ರಾಸಾಯನಿಕ ಗೊಬ್ಬರವೂ ಬಂದು, ನೀರಿನಲ್ಲಿ ಪಾಚಿಯೂ ಅಂತರಗಂಗೆಯೂ ಹಬ್ಬುವುವು. ಗೊಬ್ಬರಕ್ಕೆ ಕೊಟ್ಟ ಹಣವೂ ಹೋಯಿತು, ನೀರೂ ಕೆಟ್ಟಿತು. ಅಡ್ಡ ಉಳುಮೆ, ಸಮಪಾತಳಿಯ ಬದುಗಳು, ಬದುವಿನ ಮೇಲೆ ಲಾವಂಚದ ಸಾಲು, ಹಳ್ಳದ ದಂಡೆಗಳಲ್ಲಿ ಹೊಂಗೆ ಇವೇ ಮೊದಲಾದವುಗಳಿಂದ ಮಣ್ಣು ಹೊಲದಲ್ಲಿಯೇ ನಿಲ್ಲುವುದು. ಈಗಾಗಲೇ ಕೆರೆಯನ್ನು ಸೇರಿರುವ ಗೋಡುಮಣ್ಣನ್ನು ಬೇಸಿಗೆಯಲ್ಲಿ ತೆಗೆದು ಕೆಂಪು ಮರಳುಭೂಮಿಗೆ ಹೊಡೆದರೆ ತೇವವನ್ನು ಹಿಡಿದಿಡುವ ಗುಣವು ಹೆಚ್ಚುವುದು. ಆದರೆ ಚರಂಡಿಯ ನೀರು ಬೀಳುವ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಕೂಡದು. ಗೋಡನ್ನು ಏರಿಯ ಬುಡದಿಂದ ತೋಡುವುದೂ ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಸುವುದೂ ಅಪಾಯಕರ. ಬೇರುಗಳು ಸತ್ತ ಮೇಲೆ ಅವು ಇದ್ದ ದಾರಿಯಲ್ಲಿಯೇ ನೀರು ಜಿನುಗುವುದು.

ಇಷ್ಟೆಲ್ಲಾ ಕೆಲಸಕ್ಕೆ ಹಣವೆಲ್ಲಿ ಎಂಬ ಪ್ರಶ್ನೆಗೆ ಪೂರ್ವಿಕರೇ ಉತ್ತರ ಕೊಟ್ಟಿದ್ದಾರೆ. ಕೆರೆಯ ಕೆಳಗಣ ಭೂಮಿಯ ಒಂದು ಭಾಗವನ್ನು ಆ ಕೆರೆಯ ಜೀರ್ಣೋದ್ಧಾರಕ್ಕಾಗಿ ಬಿತ್ತುವಟ್ಟವೆಂದು ಬಿಡುತ್ತಿದ್ದರು. ಕಟ್ಟಿದವರಿಗೆ ಕಟ್ಟುಕೊಡಗೆಯೆಂದು ಭೂಮಿ ಕೊಡುತ್ತಿದ್ದರು. ಹೂಳನ್ನು ಸಾಗಿಸುವ ಕೆರೆಬಂಡಿಗೂ ಅದರ ಕೋಣಗಳಿಗೂ ಬೇರೆ ದತ್ತಿಗಳಿದ್ದುವು. ಶಾಸನಗಳಲ್ಲಿ ಇದು ಮತ್ತೆ ಮತ್ತೆ ಕಾಣಬರುವುದು. ಕೆರೆಯಿಂದ ಹುಟ್ಟಿದ್ದರಲ್ಲಿ ಒಂದು ಪಾಲು ಕೆರೆಗೇ ಹಿಂದಿರುಗಬೇಕೆಂಬುದು ಅದರ ಸಾರಾಂಶ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ರೆಗ್ಯುಲೇಷನ್ ಬಂದಾಗಲೂ ರೈತರೇ ಕೂಡಿ ತಮ್ಮ ಕೆರೆಯನ್ನು ನೋಡಿಕೊಳ್ಳಬೇಕೆಂಬ ಭಾವನೆಯೇ ಮುಖ್ಯವಾಗಿದ್ದಿತು. ಇಂದು ದೋಣಿಯ ಗುತ್ತಿಗೆ, ಮೀನಿನ ಹರಾಜು, ವಾಹನಗಳ ನಿಲುಗಡೆಯ ಶುಲ್ಕ, ಅಂಗಡಿಗಳ ಬಾಡಿಗೆ ಇವುಗಳಿಂದ ಬರುವುದು ಹೊಸ ಕಾಲದ ಹುಟ್ಟುವಳಿ. ಇದರಲ್ಲಿ ಬಿತ್ತುವಟ್ಟವನ್ನು ಮೊದಲು ಎತ್ತಿಡದೆ ಬೇರೆ ಖರ್ಚಿಗೆ ಕೈಹಾಕುವುದು ಬೀಜದ ಬತ್ತವನ್ನು ಕುಟ್ಟಿ ಉಂಡಂತೆ.

ಈ ಉದ್ದೇಶದಿಂದ ಪ್ರತಿಯೊಂದು ವಿಹಾರದ ಕೆರೆಗೂ ಸುತ್ತಣ ಗ್ರಾಮಗಳವರು ಗ್ರಾಮಸಭೆಯಲ್ಲಿ ಸೇರಿ ಒಂದು ಬರಹದ ಯೋಜನೆಯನ್ನು ಒಪ್ಪಿಕೊಳ್ಳುವುದು ಉತ್ತಮ. ಅದರಲ್ಲಿ ಈ ಕೆಳಕಂಡ ಅಂಶಗಳು ಇರತಕ್ಕದ್ದು.

ಮೊದಲನೆಯದು, ಮೋಜಣಿ. ಕೆರೆಯಂಗಳ, ಕೋಡಿ, ಕಾಲುವೆ, ಹಳ್ಳಗಳ ಎಲ್ಲೆಗಳನ್ನು ಅಳೆಯಿಸಿ ಕಲ್ಲು ನೆಡಿಸಬೇಕು. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವು ಒತ್ತುವರಿಯನ್ನು ನಿಷೇಧಿಸಿದ್ದರೂ, ಎಲ್ಲೆಯೇ ಗೊತ್ತಿಲ್ಲದ ಕಡೆ ಕಾನೂನು ಏನು ಮಾಡೀತು?

ಎರಡನೆಯದು, ನೀರಿನ ಸರದಿ. ಕುಡಿಯುವ ನೀರು, ಬೇಸಾಯ, ಮೀನು, ವಿಹಾರ ಎಂಬ ಕ್ರಮವನ್ನು ಬರೆದಿಟ್ಟು, ಮಟ್ಟದ ಗೆರೆಗಳನ್ನು ಎಲ್ಲರ ಎದುರಿಗೆ ಗುರುತಿಸಬೇಕು. ನೀರುಗಂಟಿಯ ಕೆಲಸಕ್ಕೆ ಸಂಬಳದ ಮೇಲೆ ಒಬ್ಬನನ್ನು ನಿಯಮಿಸಬೇಕು.

ಮೂರನೆಯದು, ನೈರ್ಮಲ್ಯ. ಪಾಯಿಖಾನೆ, ಅಡಿಗೆಯ ಬಚ್ಚಲು, ತಂಗುಮನೆಗಳ ಕೊಳಚೆ ಇವುಗಳಲ್ಲಿ ಒಂದು ತೊಟ್ಟೂ ಕೆರೆಗೆ ಬೀಳಕೂಡದು. ಬಣ್ಣ ಬಳಿದ ವಿಗ್ರಹಗಳ ವಿಸರ್ಜನೆಗೆ ಬೇರೆ ತೊಟ್ಟಿಯನ್ನು ಕಟ್ಟಿಸಬೇಕು.

ನಾಲ್ಕನೆಯದು, ಲೆಕ್ಕ. ಹುಟ್ಟುವಳಿಯನ್ನೂ ಖರ್ಚನ್ನೂ ಗ್ರಾಮಸಭೆಯ ಮುಂದೆ ವರ್ಷಕ್ಕೆರಡಾವರ್ತಿ ಓದಿಹೇಳಬೇಕು. ಗುತ್ತಿಗೆಯು ಮುಖಂಡರ ನೆಂಟರಿಷ್ಟರಿಗೇ ಸಲ್ಲುವುದಾದರೆ ಉಳಿದ ಮೂರು ಅಂಶಗಳೂ ಕಾಗದದಲ್ಲಿಯೇ ಉಳಿಯುವುವು.

ಇಂತಹ ಕಟ್ಟುಪಾಡುಗಳಿಂದ ವಿಹಾರಾರ್ಥಿಗಳು ದೂರವಾಗುವರೆಂದು ಕೆಲವರು ಆಕ್ಷೇಪಿಸುವುದುಂಟು. ಆದರೆ ನಾರುವ ನೀರಿನ ಮೇಲೆ ದೋಣಿ ಹತ್ತಲು ಯಾರೂ ಹಣ ಕೊಡರು. ಇನ್ನು ಕೆಲವರು, ಇದೆಲ್ಲವೂ ಸರ್ಕಾರದವರ ಕೆಲಸವೆನ್ನುವರು. ಸರ್ಕಾರದವರು ಏರಿಯನ್ನು ಭದ್ರಪಡಿಸಬಹುದು, ತೂಬನ್ನು ಹೊಸದಾಗಿ ಕಟ್ಟಿಸಬಹುದು. ಆದರೆ ನಡುರಾತ್ರಿಯಲ್ಲಿ ಕಾಲುವೆಯನ್ನು ಒಡೆಯುವವನನ್ನೂ ಕೆರೆಯಂಗಳಕ್ಕೆ ನೇಗಿಲನ್ನು ಇಳಿಸುವವನನ್ನೂ ತಡೆಯಬಲ್ಲವರು ಊರಿನವರೇ. ಹಾಗೆ ಇಳಿಸಿದವನು ಅನೇಕ ವೇಳೆ ಊರಿನಲ್ಲಿ ದೊಡ್ಡ ಹಿಡುವಳಿಯುಳ್ಳವನೇ ಆಗಿರುವುದರಿಂದ, ಮೊದಲ ಕಲ್ಲನ್ನು ದೊಡ್ಡವರ ಹೊಲದ ಅಂಚಿನಲ್ಲಿ ನೆಟ್ಟರೆ ಉಳಿದವರು ತಾವಾಗಿಯೇ ಹಿಂದೆ ಸರಿಯುವರು.

ಮುಂಗಾರಿನ ಹದ ಮಳೆ ಬೀಳುವುದಕ್ಕೆ ಮುಂಚೆ, ಕೆರೆಯಂಗಳವು ಕಣ್ಣಿಗೆ ಕಾಣುವ ಬೇಸಿಗೆಯ ದಿನಗಳೇ ಮೋಜಣಿಗೂ ಗೋಡು ತೆಗೆಯುವುದಕ್ಕೂ ತಕ್ಕ ಕಾಲ. ಗ್ರಾಮದ ಮುಖಂಡರೂ ಹಿಡುವಳಿದಾರರೂ ಬರುವ ಬೇಸಿಗೆಯೊಳಗಾಗಿ ತಮ್ಮ ತಮ್ಮ ಕೆರೆಯ ವಿಷಯವನ್ನು ಗ್ರಾಮಸಭೆಯ ಮುಂದಿಟ್ಟು, ಎಲ್ಲೆ, ಸರದಿ, ನೈರ್ಮಲ್ಯ, ಲೆಕ್ಕ ಎಂಬ ಈ ನಾಲ್ಕನ್ನೂ ನಿಶ್ಚಯಿಸಿಕೊಳ್ಳುವುದು ಶ್ರೇಯಸ್ಕರ. ಎಲ್ಲಕ್ಕಿಂತ ಮೊದಲು ಎಲ್ಲೆಯ ಕಲ್ಲುಗಳು ನೆಲದಲ್ಲಿ ನಿಲ್ಲಲಿ.