ಗೋಡೆ ಮೇಲೆ ಹೌಸ್‌ಫುಲ್, ಒಳಗೆ ಹತ್ತು ಜನ!

ಅಭಿಮಾನಿ ಮಿತ್ರರೇ, ಪೋಸ್ಟರ್ ಅಂದ್ರೆ ಏನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಭರ್ಜರಿ 2ನೇ ವಾರ' ಅಂತ ಗೋಡೆ ತುಂಬ ಅಂಟಿಸಿರುತ್ತಾರೆ. ಥಿಯೇಟರಿನೊಳಗೆ ನೋಡಿದರೆ ಹತ್ತು ಜನ, ಅದರಲ್ಲಿ ಇಬ್ಬರಿಗೆ ನಿದ್ದೆ! ನೀವು ನಕ್ಕು ಸುಮ್ಮನಾಗುತ್ತೀರಿ. ಹೋದದ್ದು ಟಿಕೆಟ್ ದುಡ್ಡು ಮಾತ್ರ. ಆದರೆ ಚುನಾವಣೆ ಪೋಸ್ಟರ್ ಸುಳ್ಳು ಹೇಳಿದರೆ ಹೋಗುವುದು ಐದು ವರ್ಷ ಸ್ವಾಮಿ, ಐದು ವರ್ಷ! ಅಲ್ಲಿ ಮಾತ್ರ ನಮ್ಮ ಜಾಣತನ ಎಲ್ಲಿ ಮಾಯವಾಗುತ್ತದೋ?

ನಮ್ಮ ಹಿರೇನಲ್ಲೂರಿನಲ್ಲಿ ಇಬ್ಬರು ಹುಡುಗರಿದ್ದಾರೆ. ಹೊಸ ಪಿಕ್ಚರ್ ಬಂತೆಂದರೆ ಒಂದೇ ಬೈಕಿನಲ್ಲಿ ಕಡೂರಿಗೆ ಹೋಗುತ್ತಿದ್ದವರು. 2023ರ ವಿಧಾನಸಭಾ ಚುನಾವಣೆಯಿಂದ ಈಚೆಗೆ ಮಾತು ಬಿಟ್ಟಿದ್ದಾರೆ. ಜಮೀನಿನ ಬದುವಿನ ಜಗಳವಲ್ಲ, ಹುಡುಗಿ ವಿಷಯವೂ ಅಲ್ಲ. ಪೇಪರಿನಲ್ಲಿ ಬಂದ ಒಂದು ಜಾಹೀರಾತು! ಒಬ್ಬ 'ನೂರಕ್ಕೆ ನೂರು ಸತ್ಯ' ಅಂದ. ಇನ್ನೊಬ್ಬ 'ಶುದ್ಧ ಸುಳ್ಳು' ಅಂದ. 'ಪೂರ್ತಿ ಓದಿದ್ರೇನ್ರೋ?' ಅಂತ ಕೇಳಿದೆ. ಇಬ್ಬರೂ ಓದಿರಲಿಲ್ಲ!

ಯಾವುದದು ಅಂತೀರಾ? 2023ರ ಮೇ ಮೊದಲ ವಾರ ಕಾಂಗ್ರೆಸ್ ಹಾಕಿಸಿದ 'ಭ್ರಷ್ಟಾಚಾರದ ರೇಟ್ ಕಾರ್ಡ್'. ಯಾವ ಕೆಲಸಕ್ಕೆ ಎಷ್ಟು ಲಂಚ ಅಂತ ಹೋಟೆಲಿನ ದರಪಟ್ಟಿ ಥರ. ಬಿಜೆಪಿ ದೂರು ಕೊಟ್ಟಿತು. 'ಪುರಾವೆ ಕೊಡಿ' ಅಂತ ಚುನಾವಣಾ ಆಯೋಗ ಕೆಪಿಸಿಸಿ ಅಧ್ಯಕ್ಷರಿಗೆ ನೋಟೀಸ್ ಕೊಟ್ಟಿತು. ಮರುವರ್ಷ ಲೋಕಸಭಾ ಚುನಾವಣೆ. ಈ ಸಲ ಮೀಸಲಾತಿ ಬಗ್ಗೆ ರಾಜ್ಯ ಬಿಜೆಪಿ ಬಿಟ್ಟ ಕಾರ್ಟೂನ್ ವಿಡಿಯೋ. ದೂರು ಕಾಂಗ್ರೆಸ್ಸಿನದು. ಅದನ್ನು ತೆಗೆಯಿರಿ ಅಂತ ಆಯೋಗ 2024ರ ಮೇ 7ರಂದು ಎಕ್ಸ್ ಸಂಸ್ಥೆಗೆ ಹೇಳಿತು. ನೋಡಿದಿರಾ? ಒಂದು ವರ್ಷ ದೂರು ಕೊಟ್ಟವರು, ಮರುವರ್ಷ ದೂರಿಗೆ ಗುರಿ!

ನಮ್ಮ ಚಿತ್ರರಂಗಕ್ಕೇ ಬರೋಣ. 2023ರ ಏಪ್ರಿಲ್‌ನಲ್ಲಿ ಸುದೀಪ್ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಪರ ಪ್ರಚಾರ ಮಾಡ್ತೀನಿ ಅಂದರು. ಚುನಾವಣೆ ಮುಗಿಯೋ ತನಕ ಅವರ ಚಿತ್ರಗಳನ್ನು ನಿಲ್ಲಿಸಿ ಅಂತ ಆಯೋಗಕ್ಕೆ ಮನವಿ ಹೋಯಿತು. 2024ರ ಮಾರ್ಚ್‌ನಲ್ಲಿ ಗೀತಾ ಶಿವರಾಜ್‌ಕುಮಾರ್ ಶಿವಮೊಗ್ಗದಲ್ಲಿ ಕಾಂಗ್ರೆಸ್ ಅಭ್ಯರ್ಥಿ. ಈಗ ಶಿವಣ್ಣನ ಚಿತ್ರ ನಿಲ್ಲಿಸಿ ಅಂತ ಬಿಜೆಪಿ ಕಡೆಯಿಂದ ಮನವಿ. ಬೇಡಿಕೆ ಅದೇ, ಹೀರೋ ಬೇರೆ. ಎರಡು ಸಲವೂ ಒಂದೇ ಮಾತು ಆಡಿದ ಅಭಿಮಾನಿ ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಿ ನೋಡೋಣ!

ಇನ್ನೊಂದು ಕೇಳಿ. 2022ರ ಸೆಪ್ಟೆಂಬರಿನಲ್ಲಿ '40 ಪರ್ಸೆಂಟ್ ಸರ್ಕಾರ' ಅನ್ನುವ ಕಾಂಗ್ರೆಸ್ ಪೋಸ್ಟರಿನಲ್ಲಿ ತನ್ನ ಮುಖವನ್ನು ಒಪ್ಪಿಗೆ ಇಲ್ಲದೆ ಹಾಕಿದ್ದಾರೆ ಅಂತ ನಟ ಅಖಿಲ್ ಅಯ್ಯರ್ ಬಹಿರಂಗವಾಗಿ ಆಕ್ಷೇಪಿಸಿದರು. ಅವರ ಮಾತಿನಂತೆ ನೋಡಿದರೆ, ಕಳ್ಳತನ ಬಯಲು ಮಾಡುವ ಪೋಸ್ಟರಿಗೇ ಕದ್ದ ಮುಖ! ಹಾಗಂತ ಲಂಚದ ಆರೋಪವೇ ಸುಳ್ಳು ಅನ್ನೋಕಾಗುತ್ತಾ? ಇಲ್ಲ. ಆ 40 ಪರ್ಸೆಂಟಿನ ದೂರನ್ನು ರಾಜ್ಯದ ಗುತ್ತಿಗೆದಾರರ ಸಂಘ 2021ರಲ್ಲೇ ಪ್ರಧಾನಿಗೆ ಬರೆದ ಪತ್ರದಲ್ಲಿ ಹೇಳಿತ್ತು. ಪೋಸ್ಟರ್ ಮಾಡಿದ ರೀತಿ ಸರಿಯಾ ಅನ್ನೋದು ಒಂದು ಪ್ರಶ್ನೆ. ಅದರಲ್ಲಿರುವ ಮಾತು ನಿಜವಾ ಅನ್ನೋದು ಇನ್ನೊಂದು. ನಾವು ಎರಡನ್ನೂ ಕಲಸಿ ಚಿತ್ರಾನ್ನ ಮಾಡ್ತೀವಿ.

'ಸುಳ್ಳಾದರೆ ಸರ್ಕಾರ ತಡೆಯಲ್ವಾ?' ಅಂತೀರಿ. ಬಟ್ಟೆ ಸೋಪಿನ ಜಾಹೀರಾತು ಸುಳ್ಳು ಹೇಳಿದರೆ ದೂರು ಕೇಳಲು ಜಾಹೀರಾತು ಮಾನದಂಡ ಮಂಡಳಿ ಇದೆ. ರಾಜಕೀಯ ಜಾಹೀರಾತು ಅದರ ವ್ಯಾಪ್ತಿಗೇ ಬರಲ್ಲ! ಟೀವಿಯಲ್ಲಿ ಬರುವುದಕ್ಕೆ 2004ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಮುಂಚೆಯೇ ಪ್ರಮಾಣಪತ್ರ ಬೇಕು, ನಮ್ಮ ಸೆನ್ಸಾರ್ ಸರ್ಟಿಫಿಕೇಟ್ ಇದ್ದ ಹಾಗೆ. 2023ರಲ್ಲಿ ಪೇಪರಿನ ಜಾಹೀರಾತಿಗೆ ಆ ಕಟ್ಟು ಇದ್ದದ್ದು ಮತದಾನದ ದಿನ ಮತ್ತು ಅದರ ಹಿಂದಿನ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಸೆನ್ಸಾರ್ ಅಧಿಕಾರಿ ಯಾರು? ನೀವೇ!

ಆ ಅಧಿಕಾರಿಗೆ ಎರಡೇ ಎರಡು ಸಲಹೆ. ಒಂದು, ಪೋಸ್ಟರಿನ ಕೆಳಗಿನ ಸಣ್ಣಕ್ಷರ ಓದಿ. ಚುನಾವಣೆ ಪೋಸ್ಟರ್, ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆಸರು ಹಾಕಲು ಹೆದರುವವನ ಮಾತನ್ನು ನೀವು ಯಾಕೆ ಹೊತ್ತು ತಿರುಗಬೇಕು?

ಎರಡು, ಅದೇ ಜಾಹೀರಾತಿನಲ್ಲಿ ನಿಮ್ಮ ಪಕ್ಷದ ಹೆಸರು ತೆಗೆದು ಎದುರು ಪಕ್ಷದ್ದು ಹಾಕಿ ಇನ್ನೊಮ್ಮೆ ಓದಿ. ಆಗಲೂ 'ಇದಕ್ಕೆ ಪುರಾವೆ ಸಾಕು' ಅನ್ನಿಸಿದರೆ ಧಾರಾಳವಾಗಿ ವಾದ ಮಾಡಿ. 'ಥೂ, ಅನ್ಯಾಯ!' ಅನ್ನಿಸಿತೋ, ಮೊದಲ ಸಲ ನೀವು ಓದಿದ್ದು ಜಾಹೀರಾತನ್ನಲ್ಲ, ಬರೀ ಚಿಹ್ನೆಯನ್ನ!

ಹೀರೋಗೆ ಶಿಳ್ಳೆ ಹೊಡೀರಿ, ಬೇಡ ಅನ್ನಲ್ಲ. ಓಟಿಗೆ ಮಾತ್ರ ಇಂಟರ್ವಲ್‌ನಲ್ಲೇ ತೀರ್ಪು ಬೇಡ. ಏನಂತೀರಿ?