ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನ ಯೋಗಕ್ಷೇಮ



ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸುತ್ತಿದ್ದ ಕಾಲದಲ್ಲಿ ರಾತ್ರಿ ಹೊರಟ ಗಾಡಿಯ ಅಡಿಗೆ ಒಂದು ಲಾಟೀನು ತೂಗುತ್ತಿತ್ತು. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ದಾರಿ ಬಿಡುತ್ತಿರಲಿಲ್ಲ. ಈಗ ಮಂಡ್ಯದಲ್ಲಾಗಲಿ, ಬೆಳಗಾವಿ, ಬಾಗಲಕೋಟೆಗಳಲ್ಲಾಗಲಿ ಆ ಕೆಲಸಕ್ಕೆ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ದಾರಿ ಗೊತ್ತಿಲ್ಲ.

ಅದನ್ನು ಓಡಿಸುವವನು ಬಹುಮಟ್ಟಿಗೆ ನಮ್ಮ ಊರಿನ ಹುಡುಗನೇ, ಕೂಲಿಗೆ ಬಂದವನು. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಅವನಿಗೆ ಹಗಲು ರಾತ್ರಿಗಳ ಭೇದವಿಲ್ಲ. ಹಗಲು ಗದ್ದೆಯಲ್ಲಿ ಹೇರು, ರಾತ್ರಿ ಕಾರ್ಖಾನೆಯ ಮುಂದೆ ಸರತಿ ಸಾಲು, ಬೆಳಗಿನ ಜಾವ ಖಾಲಿ ಟ್ರೈಲರಿನೊಡನೆ ವಾಪಸು. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿದರೆ ಅವನು ನಿದ್ದೆಗೆಟ್ಟು ಇನ್ನೊಂದು ಟ್ರಿಪ್ಪು ಹೊಡೆಯುತ್ತಾನೆ. ಅಪಘಾತವಾದ ಮೇಲೆ ‘ತಪ್ಪು ಅವನದೇ’ ಎನ್ನುವುದು ಸುಲಭ. ನಿದ್ದೆ ಕೆಡಿಸಿದವರು ಯಾರು?

ಆದ್ದರಿಂದ ಕೂಲಿಯನ್ನು ದಿನದ ಲೆಕ್ಕದಲ್ಲಿ ಗೊತ್ತುಮಾಡಿ. ರಾತ್ರಿಯೆಲ್ಲ ಸಾಲಿನಲ್ಲಿದ್ದವನನ್ನು ಬೆಳಿಗ್ಗೆ ಮಲಗಲು ಬಿಡಿ. ಕಡಿದ ಕಬ್ಬು ಒಣಗಿ ತೂಕ ಇಳಿಯುತ್ತದೆಂಬ ನಿಮ್ಮ ಆತಂಕ ನನಗೆ ತಿಳಿಯದ್ದಲ್ಲ. ಅರ್ಧ ದಿನ ತಡವಾದರೆ ತೂಕದಲ್ಲಿ ಸ್ವಲ್ಪ ಹೋದೀತು. ಆಳು ಹೋದರೆ ಒಂದು ಸಂಸಾರವೇ ಬೀದಿಗೆ ಬೀಳುತ್ತದೆ.

ಇನ್ನು ಗಾಡಿಯ ವಿಚಾರ. ಟ್ರ್ಯಾಕ್ಟರಿಗೆ ಎಡ, ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್‌ಗಳಿವೆ. ಗದ್ದೆಯಲ್ಲಿ ತಿರುಗಿಸಲು ಇದು ಅನುಕೂಲ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಎಳೆದು ಮಗುಚಬಹುದು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಪಲ ಬೇಡ. ಹಿಂದಿನ ಹೇರು ಟ್ರ್ಯಾಕ್ಟರನ್ನೇ ನೂಕುತ್ತದೆ. ಕೆಳಗಿನ ಗೇರಿನಲ್ಲೇ ಇಳಿಯಲಿ.

ಹಿಂದಕ್ಕೆ ಚಾಚಿದ ಕಬ್ಬು ಕೆಂಪು ದೀಪವನ್ನು ಮುಚ್ಚಿಬಿಡುತ್ತದೆ. ಕತ್ತಲಲ್ಲಿ ವೇಗವಾಗಿ ಬರುವ ಬೈಕಿನವನಿಗೆ ಟ್ರೈಲರ್ ಕಾಣುವುದು ತೀರ ಹತ್ತಿರ ಬಂದಾಗಲೇ. ಟ್ರೈಲರಿನ ಹಿಂದೆ ಕೆಂಪು, ಪಕ್ಕಗಳಲ್ಲಿ ಹಳದಿ ಹೊಳೆಯುವ ಪಟ್ಟಿ ಅಂಟಿಸಿ, ಕೆಸರು ಒರೆಸಿಡಿ. ಗಾಡಿ ಕೆಟ್ಟು ನಿಂತರೆ ರಸ್ತೆಯಿಂದ ಪಕ್ಕಕ್ಕೆ ಸರಿಸಿ. ಚಕ್ರಕ್ಕೆ ಒಡ್ಡಿದ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಬರಬೇಡಿ. ಮಡ್‌ಗಾರ್ಡಿನ ಮೇಲೆ, ಹೇರಿನ ಮೇಲೆ ಯಾರನ್ನೂ ಕೂರಿಸಬೇಡಿ.

ಕಾನೂನೂ ಮಾಲೀಕನನ್ನೇ ಕೇಳುತ್ತದೆ. ಲೈಸೆನ್ಸಿಲ್ಲದವನ ಕೈಗೆ ವಾಹನ ಕೊಡುವುದು 1988ರ ಮೋಟಾರು ವಾಹನ ಕಾಯಿದೆಯಂತೆ ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಆಗಬಹುದು. ಅಂಥವನಿಂದ ಅಪಘಾತವಾದರೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಟ್ರೈಲರಿನಲ್ಲಿ ಕೂರಿಸಿದ ಕೂಲಿಯವರಿಗೆ ಪೆಟ್ಟಾದರೂ ಪರಿಹಾರದ ಭಾರ ನಿಮ್ಮ ತಲೆಗೇ ಬರಬಹುದು. ಜಮೀನು ಮಾರಿದರೂ ತೀರದ ಸಾಲ ಅದು.

ಕೆಟ್ಟ ಮೇಲೆ ಬುದ್ಧಿ ಬಂದು ಫಲವಿಲ್ಲ. ಎತ್ತು ಬಳಲಿದರೆ ನೊಗ ಇಳಿಸಿ ನೀರು ಕುಡಿಸುತ್ತಿದ್ದವರು ನಾವು. ಟ್ರ್ಯಾಕ್ಟರ್ ಓಡಿಸುವವನಿಗೂ ಅಷ್ಟು ಕನಿಕರ ತೋರೋಣ. ಈ ಪುಟ ಓದಿ ಮುಗಿಸಿದವರು ಇಂದೇ ಸಂಜೆ ಟ್ರೈಲರಿನ ಹಿಂದೆ ನಿಂತು ದೀಪ ಕಾಣುತ್ತದೆಯೇ ನೋಡಿ. ಹಾಗೆಯೇ ಆ ಹುಡುಗನನ್ನು ಒಂದು ಮಾತು ಕೇಳಿ: ‘ನಿನ್ನೆ ರಾತ್ರಿ ನಿದ್ದೆ ಮಾಡಿದೆಯೇನಪ್ಪಾ?’